ಪಾಲಿಶ್ ಮೇಲಿನ ಅಪವಾದ

ಅಂಗಡಿ ಬಾಗಿಲಿಗೆ "ಮಾರಾಟಕ್ಕಿದೆ" ಎಂಬ ಹಲಗೆ ತೂಗುಹಾಕಿದ ದಿನ ಪಾಲಿಶ್ ಮೇಸ್ತ್ರಿಯ ಮುಖ ನೋಡಬೇಕಿತ್ತು. ಆ ಹಲಗೆಗೂ ಪುಣ್ಯಾತ್ಮ ಪಾಲಿಶ್ ಹೊಡೆದಿದ್ದ! ಮಾರುವ ಅಂಗಡಿಯ ಹಲಗೆ ಹಾಗೆ ಫಳಫಳ ಹೊಳೆಯುತ್ತಿದ್ದರೆ ಯಾರಿಗೆ ತಾನೇ ಗೊತ್ತಾಗುವುದಿಲ್ಲ, ಇವನಿಗೆ ಮಾರಲು ಎಳ್ಳಷ್ಟೂ ಮನಸ್ಸಿಲ್ಲ ಅಂತ?

ಮನಸ್ಸಿಲ್ಲದಿದ್ದರೂ ಮಾರಿಯೇ ತೀರುತ್ತೇನೆ ಎಂದು ಹಟ ಹಿಡಿದಿದ್ದ. ಕಾರಣ, ಮಗಳು.

ಆ ಬೀದಿಯಲ್ಲಿ ಅವರದು ಹಳೆಯ ಅಂಗಡಿ. ಬಣ್ಣ ಮಾಸಿದ ಕುರ್ಚಿ, ಗೀರು ಬಿದ್ದ ಮೇಜು, ಬಾಗಿಲು ಜೋಲುವ ಬೀರು, ಏನು ತಂದುಕೊಟ್ಟರೂ ಹೊಸದು ಮಾಡಿ ಕಳಿಸುವ ಕಸುಬು. ಮೊದಲು ಅಪ್ಪ ಮಾಡಿದ, ಆಮೇಲೆ ಅಣ್ಣ ಮಾಡಿದ, ಈಗ ಇವನು. ಅಪ್ಪ ಐವತ್ತು ತುಂಬುವ ಮೊದಲೇ ಕರುಳಿನ ಕ್ಯಾನ್ಸರಿನಲ್ಲಿ ಹೋದ. ಅಣ್ಣನಿಗೂ ಅದೇ ಕಾಯಿಲೆ, ಹೆಚ್ಚು ಕಡಿಮೆ ಅದೇ ವಯಸ್ಸು. ಹೋದ ವರ್ಷ ಮೇಸ್ತ್ರಿಗೂ ಮಲದಲ್ಲಿ ರಕ್ತ ಕಂಡಿತು. ಮುಚ್ಚಿಡಲು ನೋಡಿದ. ಹೆಂಡತಿ ಬಿಡುವವಳೇ? ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಬೇಗ ಗೊತ್ತಾಯಿತು, ಆಪರೇಷನ್ ಆಯಿತು, ಮನುಷ್ಯ ಎದ್ದು ಕೂತ. ಈಗ ಊಟ, ನಿದ್ದೆ, ಜಗಳ ಎಲ್ಲ ಮೊದಲಿನಂತೆಯೇ ನಡೆದಿದೆ.

ಆದರೆ ತಲೆಯೊಳಗೆ ಒಂದು ಮಾತು ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತ್ತು. "ಈ ಪಾಲಿಶ್ ಇದೆಯಲ್ಲ, ಇದೇ ನಮ್ಮನ್ನ ತಿನ್ನೋದು. ಅಪ್ಪ ಇದರ ವಾಸನೆ ಕುಡಿದ, ಹೋದ. ಅಣ್ಣ ಕುಡಿದ, ಹೋದ. ನಾನು ಹೆಂಗೋ ಬಚಾವಾದೆ. ನನ್ನ ಮಗಳಿಗೆ ಇದು ಬೇಡ."

ಪಾಪ, ಮಗಳಿಗೆ ಬೇಕಾಗಿದ್ದೇ ಅದು. ಓದು ಮುಗಿಸಿದ ಹುಡುಗಿ, ಬೇರೆ ಎಲ್ಲಿ ಬೇಕಾದರೂ ಕೆಲಸ ಸಿಗುತ್ತಿತ್ತು. ಆದರೆ ಮರ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಬಟ್ಟೆ ಉಂಡೆ ಮಾಡಿ, ಅರಗು ಕರಗಿಸಿದ ಪಾಲಿಶಿನಲ್ಲಿ ಅದ್ದಿ ಅವಳು ಒಂದು ಸುತ್ತು ಉಜ್ಜಿದರೆ ಮೇಜಿನಲ್ಲಿ ಮುಖ ಕಾಣುತ್ತಿತ್ತು. ಆಪರೇಷನ್ ಆದ ಮೇಲೆ ಅಪ್ಪ ಅವಳಿಗೆ ಅಂಗಡಿ ಹೊಸಿಲು ದಾಟಕೂಡದು ಎಂದು ಕಟ್ಟಪ್ಪಣೆ ಮಾಡಿದ. ಅವಳು ದಾಟಲಿಲ್ಲ. ಹೊಸಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತು, ಒಳಗೆ ಕೆಲಸ ಮಾಡುವ ವಾಸನೆ ತಾತನಿಗೆ ಅಲ್ಲಿಂದಲೇ ಹೇಳುತ್ತಿದ್ದಳು: "ತಾತ, ಕುರ್ಚಿಯ ಎಡಗಡೆ ಕಾಲಿಗೆ ಇನ್ನೊಂದು ಕೈ ಪಾಲಿಶ್. ಅಲ್ಲ, ಅದಲ್ಲ, ಹಿಂದಿನದು!"

ವಾಸನೆ ತಾತ ಅಂಗಡಿಯ ಹಳೆಯ ಆಳು. ಮೇಸ್ತ್ರಿಯ ಅಪ್ಪನ ಕಾಲದಿಂದ ಇದ್ದವನು. ಡಬ್ಬಿಯ ಬಾಯಿಗೆ ಮೂಗಿಟ್ಟು ಪಾಲಿಶ್ ಹದಕ್ಕೆ ಬಂದಿದೆಯೋ ಇಲ್ಲವೋ ಹೇಳುತ್ತಿದ್ದ, ಅದಕ್ಕೇ ಆ ಹೆಸರು. "ಹೊರಗಿಂದ ಅಪ್ಪಣೆ, ಒಳಗಿಂದ ಅಪ್ಪಣೆ. ಮಧ್ಯೆ ನನ್ನ ಸೊಂಟ ಹೋಯ್ತು," ಎಂದು ಗೊಣಗುತ್ತಲೇ ಆ ಹಿಂದಿನ ಕಾಲಿಗೂ ಉಜ್ಜುತ್ತಿದ್ದ.

ಹೀಗಿರುವಾಗ ಮೇಸ್ತ್ರಿ ತಪಾಸಣೆಗೆಂದು ಆಸ್ಪತ್ರೆಗೆ ಹೋದ. ಜೊತೆಗೆ ಹೆಂಡತಿ.

ಸರ್ಜನ್ ಹೊಟ್ಟೆ ಒತ್ತಿ ನೋಡಿ, ಹಿಂದಿನ ವಾರದ ಪರೀಕ್ಷೆಯ ಚಿತ್ರಗಳನ್ನು ನೋಡಿ, "ಎಲ್ಲಾ ಚೆನ್ನಾಗಿದೆ ಮೇಸ್ತ್ರಿ. ಅಂಗಡಿ ಹೇಗಿದೆ?" ಎಂದರು.

"ಮಾರ್ತಿದೀನಿ ಡಾಕ್ಟ್ರೇ."

"ಯಾಕ್ರೀ?"

"ಮಗಳು ಬದುಕಬೇಕಲ್ಲ ಸಾರ್. ಆ ಪಾಲಿಶ್ ನಮ್ಮ ಮನೇಲಿ ಯಾರನ್ನೂ ಬಿಟ್ಟಿಲ್ಲ."

ಸರ್ಜನ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ನಿಮ್ಮ ಆಪರೇಷನ್ ಆದಾಗಲೇ ಹೇಳಿದ್ದೆ. ಇದು ಮನೆತನದಲ್ಲಿ ಇಳಿದು ಬರೋ ಬಗೆ ಇರಬಹುದು ಅಂತ ಲ್ಯಾಬಿನವರಿಗೆ ಅನುಮಾನ ಇದೆ, ದೂರದ ದೊಡ್ಡ ಆಸ್ಪತ್ರೆಗೆ ಹೋಗಿ ಮಾತಾಡ್ಕೊಂಡು ಬನ್ನಿ ಅಂತ. ಹೋದ್ರಾ?"

ಮೇಸ್ತ್ರಿ ತಲೆಯೆತ್ತಿ ಫ್ಯಾನು ನೋಡತೊಡಗಿದ.

"ಹೋಗ್ಲಿಲ್ಲ ಡಾಕ್ಟ್ರೇ," ಎಂದಳು ಹೆಂಡತಿ. "ಬಸ್ಸಲ್ಲಿ ಕೂತ್ರೆ ಹೊಲಿಗೆ ಬಿಚ್ಚುತ್ತೆ ಅಂದ್ರು. ಹೊಲಿಗೆ ಮಾಯ್ದ ಮೇಲೆ ಕೆಲಸ ಇದೆ ಅಂದ್ರು. ಆಮೇಲೆ ಅಲ್ಲಿಗೆ ಹೋಗಿ ಮಾತಾಡೋದೇನಿದೆ, ಮಾತು ಇಲ್ಲೇ ಇದೆಯಲ್ಲ ಅಂದ್ರು."

ಸರ್ಜನ್ ನಕ್ಕುಬಿಟ್ಟರು. "ನೀವೊಬ್ಬರೇ ಅಲ್ಲ ಬಿಡಿ. ಕಳಿಸಿದವರಲ್ಲಿ ಹೆಚ್ಚಿನವರು ಹೋಗ್ತಾನೇ ಇರಲಿಲ್ಲ. ನಾನೇ ಕೂತು ಹೇಳೋಣ ಅಂದ್ರೆ, ಹೊರಗೆ ನೋಡಿ, ಎಷ್ಟು ಜನ ಕಾಯ್ತಿದಾರೆ. ಇದು ನಿಂತ ಕಾಲಲ್ಲಿ ಹೇಳಿ ಮುಗಿಸೋ ಮಾತಲ್ಲ. ಅದಕ್ಕೇ ಈಗ ಆ ಕೆಲಸಕ್ಕೆ ಅಂತಲೇ ಓದಿದವರು ನಮ್ಮ ತಂಡಕ್ಕೆ ಬಂದಿದಾರೆ. ಜೆನೆಟಿಕ್ ಕೌನ್ಸೆಲರ್. ದೂರ ಇಲ್ಲ. ಪಕ್ಕದ ಬಾಗಿಲು."

"ಮಾತಾಡೋ ಕೆಲಸಕ್ಕೂ ಒಂದು ರೂಮಾ?" ಎಂದು ಮೇಸ್ತ್ರಿ ಗೊಣಗಿದ. ಆದರೆ ಪಕ್ಕದ ಬಾಗಿಲಿಗೆ ಹೋಗದಿರಲು ಯಾವ ನೆಪ ಹೇಳುವುದು? ಬಸ್ಸಂತೂ ಹತ್ತಬೇಕಾಗಿರಲಿಲ್ಲ.

ಸಣ್ಣ ಕೋಣೆ. ಒಂದು ಮೇಜು, ಬೇರೆ ಬೇರೆ ಜಾತಿಯ ಎರಡು ಕುರ್ಚಿ, ಒಂದು ಪ್ಲಾಸ್ಟಿಕ್ ಸ್ಟೂಲ್. ಮೇಸ್ತ್ರಿ ಕೂತ ಕುರ್ಚಿಯ ಒಂದು ಕಾಲು ಕುಂಟುತ್ತಿತ್ತು, ತೋಳಿನ ಮೇಲಿನ ಬಣ್ಣ ಚಕ್ಕೆ ಎದ್ದಿತ್ತು. ಅವನ ಹೆಬ್ಬೆರಳು ತಾನಾಗಿಯೇ ಅಲ್ಲಿ ಓಡಾಡತೊಡಗಿತು.

ಒಳಗೆ ಬಂದವರನ್ನು ನೋಡಿ ಮೇಸ್ತ್ರಿ ಎದ್ದು ನಿಂತ. "ಅರೆ! ಸಿಸ್ಟರ್ ನೀವಾ?"

ಅಣ್ಣ ಇದೇ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಕಳೆದಾಗ ವಾರ್ಡಿನಲ್ಲಿದ್ದ ನರ್ಸ್ ಅವರು. ಆಗ ಮೇಸ್ತ್ರಿ ಅವರನ್ನು ಹಿಡಿದು ನಿಲ್ಲಿಸಿ ಕೇಳಿದ್ದ, ನಮ್ಮ ಮನೆಗೇ ಯಾಕೆ ಹೀಗೆ ಸಿಸ್ಟರ್, ಅಂತ.

"ನಾನೇ," ಎಂದರು ಸಿಸ್ಟರ್. "ಅವತ್ತು ನೀವು ಕೇಳಿದ್ರಿ. ನನಗೆ ಗೊತ್ತಿರಲಿಲ್ಲ. ನಿಮ್ಮ ಹಾಗೆ ಕೇಳಿದವರು ಇನ್ನೂ ಎಷ್ಟೋ ಜನ. ಸಮಾಧಾನ ಹೇಳಿ ಹೇಳಿ ನನಗೇ ಸಾಕಾಯ್ತು. ಹೋಗಿ ಓದ್ಕೊಂಡು ಬಂದೆ. ಎರಡು ವರ್ಷ."

"ಮಾತಾಡೋಕೆ ಎರಡು ವರ್ಷ ಓದಬೇಕಾ ಸಿಸ್ಟರ್?"

"ಕಾಯಿಲೆ ಹೇಗೆ ವಂಶದಲ್ಲಿ ಇಳಿಯುತ್ತೆ, ಯಾವ ಪರೀಕ್ಷೆ ಯಾರಿಗೆ ಬೇಕು, ಯಾರಿಗೆ ಬೇಡ, ಅದು ಅರ್ಧ. ಕೆಟ್ಟ ಸುದ್ದಿ ಹೇಗೆ ಹೇಳ್ಬೇಕು, ಯಾವಾಗ ಸುಮ್ಮನಿರ್ಬೇಕು, ಅದು ಇನ್ನರ್ಧ. ನುರಿತವರ ಪಕ್ಕ ಕೂತು ಎಷ್ಟೋ ಮನೆಯವರ ಕಥೆ ಕೇಳಿದ ಮೇಲೇನೇ ನನ್ನ ಕೈಗೆ ಕೆಲಸ ಕೊಟ್ಟಿದ್ದು."

"ಸುಮ್ಮನಿರೋದನ್ನ ಕಲಿಯೋಕೆ ಅಷ್ಟು ದಿನ ಬೇಕಾ? ನಾನು ಮದುವೆಯಾದ ವಾರಕ್ಕೇ ಕಲಿತೆ."

"ಕಲಿತಿದ್ದು ಕಾಣ್ತಾ ಇದೆ," ಎಂದಳು ಹೆಂಡತಿ.

ಮೂವರೂ ನಕ್ಕರು. ನಕ್ಕ ಮೇಲೆ ಮೇಸ್ತ್ರಿಯ ಭುಜ ಸ್ವಲ್ಪ ಕೆಳಗಿಳಿಯಿತು. ಅಪ್ಪನ ಹತ್ತಿರ, ಅಣ್ಣನ ಹತ್ತಿರ ಕೆಲಸ ಕಲಿತವನಿಗೆ ನುರಿತವರ ಪಕ್ಕ ಕೂರುವುದೆಂದರೆ ಏನೆಂದು ಗೊತ್ತಿರದೆ ಇರುತ್ತದೆಯೇ? ತನ್ನ ಪಾಲಿಶ್ ಪುರಾಣವನ್ನೆಲ್ಲ ಹೇಳಿಕೊಂಡ. ಸಿಸ್ಟರ್ ಅಡ್ಡ ಬಾಯಿ ಹಾಕಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಕಡೆಗೆ ಒಂದು ಬಿಳಿ ಹಾಳೆ ಎಳೆದುಕೊಂಡು, ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡಗಿನ ಸೊನ್ನೆ ಹಾಕುತ್ತಾ ಕೇಳಿದರು.

"ನಿಮ್ಮಪ್ಪ, ನಿಮ್ಮಣ್ಣ, ನೀವು. ಅಂಗಡೀಲಿ ಬೇರೆ ಯಾರಿದಾರೆ?"

"ವಾಸನೆ ತಾತ ಇದಾನೆ. ನಮ್ಮ ಸಂಬಂಧಿ ಅಲ್ಲ. ಅಪ್ಪನ ಜೊತೆ ಕೆಲಸಕ್ಕೆ ಸೇರಿದವನು."

"ಅವರ ಆರೋಗ್ಯ ಹೇಗಿದೆ?"

"ಅವನಿಗೇನು ಧಾಡಿ? ಬಂಡೆ ಇದ್ದ ಹಾಗಿದಾನೆ. ನಮ್ಮೆಲ್ಲರಿಗಿಂತ ಜಾಸ್ತಿ ಪಾಲಿಶ್ ಕುಡಿದಿರೋನೇ ಅವನು. ಡಬ್ಬಿಗೆ ಮೂಗೇ ಇಡ್ತಾನೆ..."

ಹೇಳುತ್ತಾ ಹೇಳುತ್ತಾ ಮೇಸ್ತ್ರಿಯ ಮಾತು ನಡುವೆಯೇ ನಿಂತಿತು. ಇಷ್ಟು ವರ್ಷ ದಿನಾ ಕಣ್ಣೆದುರು ಓಡಾಡುತ್ತಿದ್ದ ಮನುಷ್ಯ! ಅವನನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇರಲಿಲ್ಲವಲ್ಲ!

ಸಿಸ್ಟರ್ ಏನೂ ಹೇಳಲಿಲ್ಲ. ಕಲಿತಿದ್ದರಲ್ಲ, ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ಅಂಗಡಿಗೆ ಬರದವರು? ನಿಮ್ಮ ಅಜ್ಜಿ, ಅತ್ತೆಯರು?" ಎಂದರು.

"ಅವರು ಹೆಂಗಸರು ಸಿಸ್ಟರ್. ಪಾಲಿಶ್ ಮುಟ್ಟಿದವರಲ್ಲ."

"ಇರಲಿ, ಹೇಳಿ."

ಮೇಸ್ತ್ರಿ ತಡಕಾಡಿದ, ಹೆಂಡತಿಯೇ ಹೇಳಿದಳು. ಅಪ್ಪನ ತಾಯಿ ಚಿಕ್ಕ ವಯಸ್ಸಿಗೇ ಹೊಟ್ಟೆ ನೋವು ಎಂದು ಹಾಸಿಗೆ ಹಿಡಿದು ಸವೆದು ಹೋಗಿದ್ದರು. ದೂರದ ಊರಿಗೆ ಮದುವೆಯಾಗಿ ಹೋದ ಸೋದರತ್ತೆಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. "ನಿಮ್ಮತ್ತೆ ಸತ್ತಾಗ ನೀವು ಅಳುತ್ತಾ ಬಂದಿದ್ರಲ್ಲ, ಅಷ್ಟೂ ನೆನಪಿಲ್ವಾ?" ಎಂದಳು.

ನೆನಪಿತ್ತು. ಆದರೆ ಅಂಗಡಿಯವರನ್ನಷ್ಟೇ ಎಣಿಸುತ್ತಾ ಬಂದವನಿಗೆ ಅವರೂ ಇದರಲ್ಲಿ ಸೇರುತ್ತಾರೆ ಎಂದು ಹೊಳೆದೇ ಇರಲಿಲ್ಲ. ಮೇಸ್ತ್ರಿ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಆ ಇಬ್ಬರ ಸೊನ್ನೆಗಳನ್ನು ತಾನೇ ಹಾಳೆಯ ಮೇಲೆ ಬರೆದ.

ಆಗ ಸಿಸ್ಟರ್ ಬಿಡಿಸಿ ಹೇಳಿದರು. "ನಮ್ಮ ಮೈಯಲ್ಲಿ ಹೊಸ ಜೀವಕೋಶಗಳು ಆಗ್ತಾನೇ ಇರ್ತವೆ. ಆಗುವಾಗ ಅಲ್ಲಲ್ಲಿ ತಪ್ಪಾಗುತ್ತೆ, ಎಲ್ಲರಿಗೂ ಆಗುತ್ತೆ. ಆ ತಪ್ಪನ್ನ ಹುಡುಕಿ ತಿದ್ದೋ ಏರ್ಪಾಡೂ ಒಳಗೇ ಇದೆ. ಕೆಲವು ಮನೆತನಗಳಲ್ಲಿ ಆ ತಿದ್ದೋ ಕೆಲಸದ ಒಂದು ವಂಶವಾಹಿಯಲ್ಲೇ ಕೊರತೆ ಇರುತ್ತೆ."

"ಅಂದ್ರೆ, ಕೊನೇಲಿ ಗೀರು ನೋಡಿ ಒರೆಸೋ ಆಳು ರಜಾ ಹಾಕಿದಾನೆ ಅನ್ನಿ."

"ಹಾಗೇ ಅನ್ನಿ. ತಪ್ಪುಗಳು ಉಳ್ಕೊಂಡು ಉಳ್ಕೊಂಡು, ಚಿಕ್ಕ ವಯಸ್ಸಿಗೇ ಕರುಳಲ್ಲೋ ಗರ್ಭಕೋಶದಲ್ಲೋ ಕ್ಯಾನ್ಸರ್ ಆಗೋ ಸಾಧ್ಯತೆ ಜಾಸ್ತಿ. ಅಪ್ಪನಿಂದಲೂ ಬರಬಹುದು, ಅಮ್ಮನಿಂದಲೂ ಬರಬಹುದು. ಮಗನಿಗೂ ಹೋಗಬಹುದು, ಮಗಳಿಗೂ ಹೋಗಬಹುದು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ನಿಮ್ಮ ಮನೇಲಿ ಇದೇ ಇದೆ ಅಂತ ನಾನು ಈಗ್ಲೇ ಹೇಳಲ್ಲ. ನಿಮಗೆ ಕಾಯಿಲೆ ಬಂದಿದೆ, ಅದಕ್ಕೇ ಮೊದಲು ನಿಮ್ಮ ರಕ್ತ ನೋಡೋಣ. ನಿಮಗೆ ಒಪ್ಪಿಗೆ ಇದ್ರೆ ಮಾತ್ರ."

"ಹಾಗಾದ್ರೆ ಪಾಲಿಶ್?"

"ಪಾಲಿಶ್ ವಾಸನೆ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಕಿಟಕಿ ತೆಗೀರಿ, ಮಾಸ್ಕ್ ಹಾಕ್ಕೊಳ್ಳಿ. ಆದ್ರೆ ಅಂಗಡಿ ಮಾರಿದ್ರೆ ಮಗಳು ಪಾರಾಗ್ತಾಳೆ ಅಂತ ನಂಬ್ಕೊಂಡು ಕೂತ್ಕೋಬೇಡಿ. ಅದಕ್ಕೇ ಹೇಳ್ತಿದೀನಿ."

ಆ ಮಾತು ಮೇಸ್ತ್ರಿಯ ಎದೆಗೆ ನಾಟಿತು. ಅಂಗಡಿ ಮಾರಿ, ಕೈ ತೊಳೆದುಕೊಂಡು, ಮಗಳು ಬದುಕಿದಳು ಎಂದು ನೆಮ್ಮದಿಯಾಗಿ ಇರುತ್ತಿದ್ದನಲ್ಲ! ಹೆಂಡತಿಯ ಮುಖ ನೋಡಿದ. "ಅಂಗಿ ತೋಳು ಮಡಚ್ರಿ, ರಕ್ತ ಕೊಡಿ," ಎಂದಳು ಅವಳು.

ಕೆಲವು ವಾರ ಕಳೆದು ಫಲಿತಾಂಶ ಬಂತು. ಅನುಮಾನ ನಿಜವಾಗಿತ್ತು. ಆ ಕೊರತೆ ಮೇಸ್ತ್ರಿಯ ರಕ್ತದಲ್ಲಿತ್ತು. ಸಿಸ್ಟರ್ ಅದನ್ನು ಫೋನಿನಲ್ಲಿ ಹೇಳದೆ, ಇಬ್ಬರನ್ನೂ ಕರೆಸಿ ಕೂರಿಸಿಕೊಂಡು ಹೇಳಿದರು. ಅಂದು ಅವರ ಮಗ್ಗುಲಲ್ಲಿ ಸರ್ಜನ್ ಇದ್ದರು, ಕರುಳಿಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವ ಡಾಕ್ಟರೂ ಇದ್ದರು. ಈ ತಂಡ ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕೂತು ಇಂಥ ಮನೆಗಳ ಬಗ್ಗೆ ಮಾತಾಡುತ್ತದಂತೆ. ಹಿಂದೆ ಮೇಸ್ತ್ರಿಗೆ ಒಬ್ಬೊಬ್ಬ ಡಾಕ್ಟರು ಒಂದೊಂದು ದಿನ ಒಂದೊಂದು ತುಂಡು ಮಾತು ಹೇಳುತ್ತಿದ್ದರು, ಮನೆಗೆ ಬಂದು ಕೂಡಿಸಿದರೆ ಒಂದಕ್ಕೊಂದು ಸೇರುತ್ತಲೇ ಇರಲಿಲ್ಲ. ಈಗ ಮುಂದೆ ಯಾವ ಪರೀಕ್ಷೆ, ಯಾವಾಗ, ಯಾಕೆ ಎನ್ನುವುದೆಲ್ಲ ಒಂದೇ ಕಡೆ ಸಿಕ್ಕಿತು.

"ಇನ್ನು ನಿಮ್ಮ ಅಕ್ಕನಿಗೆ ಹೇಳಬೇಕು, ಅವರಿಗೂ ಇದು ಇಳಿದಿರಬಹುದು," ಎಂದರು ಸಿಸ್ಟರ್. "ಹೆದರಿಸಬೇಡಿ. ಉಪದೇಶ ಮಾಡಬೇಡಿ. ಇಲ್ಲಿಗೆ ಕರ್ಕೊಂಡು ಬನ್ನಿ, ಸಾಕು."

ಅಕ್ಕ ಶಾಲೆಯ ವ್ಯಾನ್ ಓಡಿಸುವವಳು. ಗಂಟಲು ವ್ಯಾನಿನ ಹಾರ್ನಿಗಿಂತ ಜೋರು. ಮೇಸ್ತ್ರಿ ಹೋದಾಗ ಟೈರಿಗೆ ಗಾಳಿ ತುಂಬಿಸುತ್ತಿದ್ದಳು.

"ಲೋ, ನಾನು ಯಾಕೆ ಬರ್ಲಿ? ನಿಮ್ಮ ಅಂಗಡಿ ವಾಸನೆ ಆಗಲ್ಲ ಅಂತಾನೇ ನಾನು ಸ್ಟೀರಿಂಗ್ ಹಿಡಿದಿದ್ದು. ನನ್ನದೇನಿದ್ರೂ ಡೀಸೆಲ್ ವಾಸನೆ."

"ಪಾಲಿಶ್‌ದಲ್ಲ ಕಣೆ ತಪ್ಪು, ಅದೇ ಹೇಳ್ತಿರೋದು. ಅಜ್ಜಿಗಿತ್ತು, ಅತ್ತೆಗಿತ್ತು. ಒಳಗೆ ತಿದ್ದೋನು ರಜಾ ಹಾಕಿದಾನೆ. ಸೊನ್ನೆ ಇದೆ, ಚೌಕ ಇದೆ..."

"ಏನೋ ನೀನು? ಆಪರೇಷನ್ ಮಾಡಿದ್ದು ಹೊಟ್ಟೆಗಾ ತಲೆಗಾ?"

ಮೇಸ್ತ್ರಿ ಪೆಚ್ಚಾದ. ಸಿಸ್ಟರ್ ಬಾಯಲ್ಲಿ ಎಷ್ಟು ಸಲೀಸಾಗಿದ್ದ ಮಾತು ತನ್ನ ಬಾಯಲ್ಲಿ ಗೋಜಲಾಯಿತು. ಇದಕ್ಕೇ ಎರಡು ವರ್ಷ ಓದಬೇಕು ಅನ್ನುವುದು ಈಗ ಅರ್ಥವಾಯಿತು ನೋಡಿ ಮಹಾಶಯನಿಗೆ. ವ್ಯಾನಿನ ಬಾನೆಟ್ ಮೇಲೆ ಕೈಯಿಟ್ಟು ಕೇಳಿದ: "ಅಕ್ಕ, ಇದು ಚೆನ್ನಾಗೇ ಓಡುತ್ತಲ್ಲ. ಆದ್ರೂ ಸರ್ವಿಸ್‌ಗೆ ಯಾಕೆ ಬಿಡ್ತೀಯ?"

"ಯಾಕೆ ಅಂದ್ರೆ? ಒಳಗೆ ಮಕ್ಕಳು ಕೂತಿರ್ತವೆ ಕಣೋ!"

"ನಿನ್ನ ಮಕ್ಕಳೂ ನಿನ್ನನ್ನೇ ನೆಚ್ಚಿಕೊಂಡು ಕೂತಿದಾವೆ ಅಕ್ಕ. ಅಪ್ಪ ಹೋದ, ಅಣ್ಣ ಹೋದ. ಒಡಹುಟ್ಟಿದವರು ಅಂತ ನನಗೆ ಇರೋದು ನೀನೊಬ್ಬಳೇ."

ಅಕ್ಕನ ಕೈಯಲ್ಲಿದ್ದ ಗಾಳಿಯ ಪೈಪು ಸುಮ್ಮನೆ ಬುಸುಗುಡುತ್ತಿತ್ತು. "ಅಳುಮುಂಜಿ," ಎಂದಳು. ಅವಳ ಕಣ್ಣೂ ತುಂಬಿತ್ತು. "ಶನಿವಾರ ಮಧ್ಯಾಹ್ನ ಬಿಡುವಿದೆ. ನನ್ನ ವ್ಯಾನಲ್ಲೇ ಹೋಗೋಣ. ನಿಮ್ಮ ಬಸ್ಸಿನ ನೆಪ ನನಗೆ ಬೇಡ."

ಮಗಳ ವಿಷಯದಲ್ಲಿ ಮಾತ್ರ ಮೇಸ್ತ್ರಿ ಎಡವಿದ. ಶನಿವಾರ ಅವಳನ್ನೂ ವ್ಯಾನಿಗೆ ಹತ್ತಿಸಿಕೊಂಡು ಹೋಗಿ, ಕೋಣೆಗೆ ಕಾಲಿಟ್ಟೊಡನೆ, "ಸಿಸ್ಟರ್, ಇವಳ ರಕ್ತ ತಗೊಳ್ಳಿ," ಎಂದ.

"ಇಲ್ಲ ಮೇಸ್ತ್ರಿ," ಎಂದರು ಸಿಸ್ಟರ್.

"ಯಾಕೆ? ನಾನು ಅಪ್ಪ ಹೇಳ್ತಿದೀನಿ."

"ರಕ್ತ ಅವಳದು. ದೊಡ್ಡವಳಾಗಿದಾಳೆ. ಬೇಕು ಅನ್ನೋದೂ ಬೇಡ ಅನ್ನೋದೂ ಈಗ್ಲೇ ಬೇಡ ಆಮೇಲೆ ಅನ್ನೋದೂ ಅವಳಿಗೆ ಬಿಟ್ಟಿದ್ದು. ನೀವು ಹೊರಗೆ ಕೂತ್ಕೊಳ್ಳಿ. ನಾವಿಬ್ಬರೂ ಮಾತಾಡ್ತೀವಿ."

ಮೇಸ್ತ್ರಿ ಹೊರಗೆ ಬೆಂಚಿನ ಮೇಲೆ ಕೂತ. ಮಗಳನ್ನು ಹೊಸಿಲ ಹೊರಗೆ ಕೂರಿಸಿದವನು ಈಗ ತಾನೇ ಹೊಸಿಲ ಹೊರಗೆ! ಅಕ್ಕ ಅದನ್ನು ಎತ್ತಿ ಆಡದೆ ಬಿಡಲಿಲ್ಲ. ಹೊತ್ತು ಹೋಗಲೊಲ್ಲದು. ಅಂತೂ ಬಾಗಿಲು ತೆರೆಯಿತು.

"ನೋಡಿಸ್ಕೊಳ್ತೀನಿ ಅಪ್ಪ," ಎಂದಳು ಮಗಳು. "ಹಳೇ ಬೀರು ಬಂದ್ರೆ ಮೊದಲು ತಟ್ಟಿ ನೋಡು, ಒಳಗೆ ಹುಳ ಇದೆಯಾ ಅಂತ, ಆಮೇಲೆ ಪಾಲಿಶ್ ಮಾತು ಅಂತ ನೀನೇ ಹೇಳಿಕೊಟ್ಟಿದ್ದಲ್ವಾ? ಇದೂ ಹಾಗೇ. ನನಗೆ ಗೊತ್ತಾಗ್ಬೇಕು."

ಅಕ್ಕ, ಮಗಳು ಇಬ್ಬರೂ ರಕ್ತ ಕೊಟ್ಟರು. ಫಲಿತಾಂಶ ಬಂದಾಗ ಇಬ್ಬರಲ್ಲೂ ಆ ಕೊರತೆ ಇತ್ತು.

ಮೊದಲು ಅಕ್ಕನ ವಿಷಯ ಹೇಳಿಬಿಡುತ್ತೇನೆ, ಅದು ಸಂತೋಷದ್ದು. ಅವಳ ಕರುಳಿಗೆ ಕ್ಯಾಮೆರಾ ಕೊಳವೆ ಹಾಕಿ ನೋಡಿದರು. ಒಂದು ಸಣ್ಣ ಗಂಟು ಸಿಕ್ಕಿತು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಹಾಗೇ ಬಿಟ್ಟಿದ್ದರೆ ಆಗಬಹುದಿತ್ತು. ಅಲ್ಲೇ, ಅದೇ ಕೊಳವೆಯಿಂದ, ಹೊಟ್ಟೆ ಕೊಯ್ಯದೆ ತೆಗೆದುಹಾಕಿದರು. ಅಕ್ಕ ಅಂದೇ ಸಂಜೆ ಮನೆಗೆ ಬಂದಳು. ಒಂದು ದಿನ ರಜೆ ಹಾಕಿ, ಮರುದಿನ ವ್ಯಾನ್ ಹತ್ತಿದಳು. ಗರ್ಭಕೋಶದ ಕಡೆಗೂ ಗಮನವಿಡಬೇಕೆಂದು ಸಿಸ್ಟರ್ ಹೇಳಿದ್ದರಿಂದ ಹೆಂಗಸರ ಡಾಕ್ಟರನ್ನೂ ಕಂಡು ಬಂದಳು. ಪಾಲಿಶ್ ಮುಟ್ಟದವಳ ಹೊಟ್ಟೆಯಲ್ಲೇ ಗಂಟು ಸಿಕ್ಕಿದ ಮೇಲೆ ಮೇಸ್ತ್ರಿಯ ಮಾತು ನಂಬಿ ಬೀದಿಯಲ್ಲಿ ಪಾಲಿಶನ್ನು ಬೈಯುತ್ತಿದ್ದವರ ಬಾಯಿ ತಾನಾಗಿಯೇ ಮುಚ್ಚಿತು.

ಮಗಳ ಪರೀಕ್ಷೆಯಲ್ಲಿ ಕರುಳು ಶುದ್ಧವಾಗಿತ್ತು. ಗಂಟಿಲ್ಲ, ಏನಿಲ್ಲ. "ಡಾಕ್ಟ್ರು ಹೇಳಿದ ಸಮಯಕ್ಕೆ ತಪ್ಪದೆ ಬಂದು ತೋರಿಸಿಕೋ. ಏನಾದ್ರೂ ಹುಟ್ಟಿಕೊಂಡ್ರೂ ಸಣ್ಣದಿರುವಾಗಲೇ ಹಿಡಿಯೋ ದಾರಿ ಇದು," ಎಂದರು ಸಿಸ್ಟರ್. ಹುಡುಗಿ ತಲೆಯಾಡಿಸಿದಳು. ಅವಳಿಗೆ ಅಷ್ಟು ಸಾಕಾಗಿತ್ತು.

ಮೇಸ್ತ್ರಿಗೆ ಸಾಕಾಗಲಿಲ್ಲ. ಮನೆಗೆ ಬಂದವನು ನೇರ ಅಂಗಡಿಗೆ ಹೋಗಿ, ಮೂಲೆಯ ಮುರುಕು ಮಂಚದ ಮೇಲೆ ತಲೆ ಹೊತ್ತು ಕೂತ. ಮಗಳು ಹಿಂದೆಯೇ ಬಂದು ಅಭ್ಯಾಸಬಲದಿಂದ ಹೊಸಿಲ ಹತ್ತಿರ ನಿಂತಳು.

"ನಾನೇ ಕಣಮ್ಮ ನಿನಗೆ ಇದನ್ನ ಕೊಟ್ಟಿದ್ದು," ಎಂದು ಮೇಸ್ತ್ರಿ ಬಿಕ್ಕಿದ. "ಪಾಲಿಶ್ ಪಾಲಿಶ್ ಅಂತ ಬಡ್ಕೊಂಡೆ. ಕೊಟ್ಟವನು ನಾನು!"

ವಾಸನೆ ತಾತ ಕೈಯಲ್ಲಿದ್ದ ಬಟ್ಟೆ ಉಂಡೆ ಕೆಳಗಿಟ್ಟು ಆಚೆ ತಿರುಗಿ ಮೂಗು ಒರೆಸಿಕೊಂಡ.

ಮಗಳು ಹೊಸಿಲು ದಾಟಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತು ತನ್ನ ಎರಡೂ ಅಂಗೈ ಅವನ ಮುಂದೆ ಹಿಡಿದಳು.

"ಅಪ್ಪ, ನೀನು ಬೇಕು ಅಂತ ಕೊಟ್ಯಾ? ನಿನಗೂ ಯಾರೋ ಕೊಟ್ಟಿದ್ದು, ಗೊತ್ತಿಲ್ಲದೆ ಕೊಟ್ಟಿದ್ದು. ನಿನ್ನಪ್ಪನಿಗೆ, ದೊಡ್ಡಪ್ಪನಿಗೆ ಗೊತ್ತೇ ಆಗ್ಲಿಲ್ಲ. ನನಗೆ ಗೊತ್ತಾಗಿದೆ. ನೀನು ಅದೊಂದೇ ಕೊಟ್ಟಿದ್ದಾ? ಈ ಕೈ ಯಾರು ಕೊಟ್ಟಿದ್ದು?"

ಮೇಸ್ತ್ರಿ ಆ ಕೈಗಳನ್ನು ಹಿಡಿದುಕೊಂಡ. ಬೆರಳ ತುದಿಯಲ್ಲಿ ಅರಗಿನ ಕಂದು ಕಲೆ ಇತ್ತು. ಕಳ್ಳಿ, ತಾನಿಲ್ಲದಾಗ ಒಳಗೆ ಬಂದು ಕೆಲಸ ಮಾಡುತ್ತಿದ್ದಳು! ಅಳುವಿನ ನಡುವೆಯೇ ಅವನಿಗೆ ನಗು ಬಂತು. "ತಾತ, ನಿನಗೂ ಗೊತ್ತಿತ್ತಾ?" ಎಂದ. "ನನಗೆ ಬರೀ ವಾಸನೆ ಗೊತ್ತಾಗುತ್ತೆ ಮಾರಾಯ, ಕಣ್ಣು ಮಂಜು," ಎಂದ ತಾತ, ಗೋಡೆ ನೋಡುತ್ತಾ.

ಮೇಸ್ತ್ರಿ ಎದ್ದು ಎರಡೂ ಕಿಟಕಿ ತೆಗೆದ. ಮಗಳ ಕೈಗೆ ಹೊಸ ಮಾಸ್ಕ್ ಕೊಟ್ಟ, ಅದರ ಮೇಲೆ ಅಂಗಡಿಯ ಬೀಗದ ಕೈ ಇಟ್ಟ. ಆಮೇಲೆ ಹೊರಗೆ ಹೋಗಿ "ಮಾರಾಟಕ್ಕಿದೆ" ಹಲಗೆಯನ್ನು ಕೊಕ್ಕೆಯಿಂದ ಇಳಿಸಿದ.

ಮಗಳು ಒಪ್ಪಿಕೊಂಡ ಮೊದಲ ಕೆಲಸ ಯಾವುದು ಅಂತೀರಿ? ಸಿಸ್ಟರ್ ಕೋಣೆಯ ಆ ಕುಂಟು ಕುರ್ಚಿ. ಅದರ ಕಾಲು ಸರಿ ಮಾಡಿ, ಅದಕ್ಕೆ ಜೋಡಿಯಾಗಿ ಇನ್ನೂ ಮೂರು ಕುರ್ಚಿ ಹೊಂದಿಸಿ, ನಾಲ್ಕಕ್ಕೂ ಒಂದೇ ಬಣ್ಣ ಕೊಟ್ಟಳು. ಅಕ್ಕನ ವ್ಯಾನಿನಲ್ಲಿ ಹೇರಿಕೊಂಡು ಹೋಗಿ ಇಳಿಸಿದರು.

"ನಾಲ್ಕು ಯಾಕೆ?" ಎಂದು ಸಿಸ್ಟರ್ ಕೇಳಿದರು.

"ಮೂರು ಕುರ್ಚಿ ಬಂದವರ ಮನೆಯವರಿಗೆ," ಎಂದ ಮೇಸ್ತ್ರಿ. "ಇಲ್ಲಿಗೆ ಒಬ್ಬೊಬ್ಬರೇ ಬಂದ್ರೆ ನನ್ನ ಹಾಗೆ ಅರ್ಧ ಕಥೆ ಹೇಳ್ತಾರೆ. ನನ್ನ ಹೆಂಡತಿ ಬರದಿದ್ರೆ ಅಜ್ಜಿ, ಅತ್ತೆ ಇಬ್ಬರೂ ಬಿಟ್ಟುಹೋಗ್ತಿದ್ರು. ನಾಲ್ಕನೇದು ನಿಮ್ಮ ಪಕ್ಕಕ್ಕೆ. ಕೆಲಸ ಕಲಿಯೋಕೆ ಬರೋರಿಗೆ. ನಿಮ್ಮಂಥವರು ಒಬ್ಬರಿದ್ರೆ ಸಾಕಾಗಲ್ಲ ಸಿಸ್ಟರ್. ಪಕ್ಕ ಕೂರಿಸ್ಕೊಂಡು ತಯಾರು ಮಾಡಿ."

ಆಮೇಲೆ ಮಗಳು ಕಂಕುಳಲ್ಲಿದ್ದ ಹಲಗೆಯನ್ನು ಸಿಸ್ಟರ್ ಕೋಣೆಯ ಬಾಗಿಲಿಗೆ ತೂಗುಹಾಕಿದಳು. ಅದೇ ಹಳೆಯ "ಮಾರಾಟಕ್ಕಿದೆ" ಹಲಗೆ. ತಿರುಗಿಸಿ, ಹಿಂಬದಿಗೆ ಪಾಲಿಶ್ ಹೊಡೆದು, ಹೊಸ ಅಕ್ಷರ ಬರೆದಿದ್ದಳು: "ಒಳಗೆ ಬನ್ನಿ. ಮನೆಯವರನ್ನೂ ಕರೆತನ್ನಿ."

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮನೆಯ ಮಾತು. ನಿಮ್ಮ ಮನೆಯಲ್ಲೂ ಒಂದೇ ಕಾಯಿಲೆ ಮತ್ತೆ ಮತ್ತೆ ಬಂದಿದೆಯೇ? ಚಿಕ್ಕ ವಯಸ್ಸಿಗೇ ಬಂದಿದೆಯೇ? ಕಸುಬನ್ನು ಬೈಯಬೇಡಿ, ಸೊಸೆಯನ್ನು ಬೈಯಬೇಡಿ, ನಿಮ್ಮನ್ನು ನೀವೂ ಬೈದುಕೊಳ್ಳಬೇಡಿ. ದೂರ ಮದುವೆಯಾಗಿ ಹೋದ ಅತ್ತೆಯನ್ನೂ ಹಳೆಯ ಅಜ್ಜಿಯನ್ನೂ ನೆನಪು ಮಾಡಿಕೊಳ್ಳಿ, ಹಿರಿಯರನ್ನು ಕೇಳಿ ತಿಳಿದುಕೊಳ್ಳಿ, ಡಾಕ್ಟರಿಗೆ ಹೇಳಿ. ನಿಮ್ಮ ಆಸ್ಪತ್ರೆಯಲ್ಲಿ ಜೆನೆಟಿಕ್ ಕೌನ್ಸೆಲರ್ ಇದ್ದಾರೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ, ಯಾಕಿಲ್ಲ ಎಂದು ಕೇಳಿ, ಬೇಕು ಎಂದು ಎಲ್ಲರೂ ಸೇರಿ ಹೇಳಿ. ನಿಮ್ಮ ಮನೆಯ ಓದುವ ಹುಡುಗಿ, ಹುಡುಗನಿಗೆ ಇಂಥದೊಂದು ಕೆಲಸವೂ ಇದೆ, ಕಲಿಯಬಹುದು ಎಂದು ತಿಳಿಸಿ. ಆ ಕೋಣೆಯ ನಾಲ್ಕನೇ ಕುರ್ಚಿ ಅವರಿಗಾಗಿ ಕಾದಿದೆ. ಉಳಿದ ಮೂರು ನಿಮಗೆ. ಕುಂಟುವುದಿಲ್ಲ, ಧೈರ್ಯವಾಗಿ ಕೂತುಕೊಳ್ಳಿ.